ಮೂವತ್ತೆರಡು ಮಗ್ಗ, ನೂರಾ ನಾಲ್ಕರ ಸಪ್ಪಳ

ಬೆಳಗಿನ ಆರು ಗಂಟೆ. ರಾಮದುರ್ಗದ ಈ ಮಗ್ಗದ ಓಣಿಗೆ ತ್ರೀ ಫೇಸ್ ಕರೆಂಟ್ ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರೊಳಗೆ ಕೃಷ್ಣವ್ವ ಮನೆಯಿಂದ ಮನೆಗೆ ಓಡುತ್ತಿದ್ದಾರೆ. ಸೆರಗನ್ನು ಸೊಂಟಕ್ಕೆ ಬಿಗಿದು ಅದರಲ್ಲಿ ನಟ್ಟು ಬಿಗಿಯುವ ಒಂದು ಪಾನಾ ಸಿಕ್ಕಿಸಿದ್ದಾರೆ. ಕೈಯಲ್ಲಿ ಎಣ್ಣೆಯ ಡಬ್ಬಿ. ಬಾಗಿಲು ಬಡಿಯುವ ಶಾಸ್ತ್ರವೆಲ್ಲ ಇಲ್ಲ. ಒಳಗೆ ನುಗ್ಗುವುದು, ನಿಂತ ಮಗ್ಗದ ಮೇಲೆ ಅಂಗೈ ಇಡುವುದು, ಲಾಳಿಯನ್ನು ಹೊಡೆಯುವ ಕೋಲನ್ನು ಒಮ್ಮೆ ಅಲುಗಿಸುವುದು, ಬೇಕಾದರೆ ಒಂದು ನಟ್ಟು ಬಿಗಿಯುವುದು, ಮುಂದಿನ ಮನೆಗೆ ನಡೆಯುವುದು. ಹಾಸಿಗೆಯಲ್ಲಿ ಇನ್ನೂ ಮಲಗಿದ್ದವರನ್ನು ದಾಟಿಕೊಂಡೇ ಹೋಗುತ್ತಾರೆ. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

“ಇವತ್ತ ನನ್ನ ನಿಂದರಿಸಿ ಮಾತಾಡಸಬ್ಯಾಡ್ರಿ. ಬರೇ ಹಿಂದ ಹಿಂದ ಬರ್ರಿ. ಹತ್ತಕ್ಕ ನಮ್ಮ ಓಣಿ ಪರೀಕ್ಷಾ ಐತಿ” ಎಂದು ತಿರುಗಿಯೂ ನೋಡದೆ ಹೇಳುತ್ತಾರೆ. ನಾನು ಪೆನ್ನು ಕಿಸೆಗೆ ಹಾಕಿಕೊಂಡು ಹಿಂದೆ ಹಿಂದೆ ಓಡುತ್ತೇನೆ.

ಕೊನೆಯ ಮನೆ ಮುಗಿಸಿದಾಗ ಎದುರಿಗೇ ಅವರದೇ ಮನೆ. ಒಳಗೆ ಗಂಡ ದುಂಡಪ್ಪ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಾರೆ. “ಮನ್ಯಾಗಿನ ಮಗ್ಗಾನೂ ಒಮ್ಮಿ ನೋಡು ಮತ್ತ” ಎನ್ನುತ್ತಾರೆ ಅವರು. “ನಮ್ಮನಿದು ನನಗ ಗೊತ್ತಿಲ್ಲೇನು?” ಎಂದು ಕೃಷ್ಣವ್ವ ಚಹಾಕ್ಕೆ ಇಡಲು ಒಳಗೆ ಹೋಗುತ್ತಾರೆ. ಆಗಲೇ ಕರೆಂಟ್ ಬರುತ್ತದೆ. ಒಂದು ಮನೆಯಲ್ಲಿ ಟಕ್ ಎನ್ನುತ್ತದೆ, ಪಕ್ಕದ ಮನೆಯಲ್ಲಿ ಟಕಾಟಕ್, ಆಮೇಲೆ ಓಣಿಗೆ ಓಣಿಯೇ ಎದ್ದು ನಿಂತು ಸದ್ದು ಮಾಡುತ್ತದೆ.

ಪರೀಕ್ಷೆ ಎಂದರಲ್ಲ, ಅದನ್ನು ಮೊದಲು ಹೇಳಿಬಿಡಬೇಕು. ಈ ಓಣಿಯ ಬೆನ್ನಿಗೇ ಹೆಣ್ಣುಮಕ್ಕಳ ಹೈಸ್ಕೂಲಿದೆ. ಮೂವತ್ತೆರಡು ಕರೆಂಟ್ ಮಗ್ಗಗಳು ಒಟ್ಟಿಗೆ ಆಡಿದರೆ ಟೀಚರು ಹೇಳಿದ್ದು ಮೂರನೆಯ ಬೆಂಚಿಗೆ ತಲುಪುವುದಿಲ್ಲ. ಹೋದ ವರ್ಷ, ಅಂದರೆ 2003ರಲ್ಲಿ, ಶಾಲೆಯವರು ದೂರು ಕೊಟ್ಟರು. ಮಗ್ಗಗಳನ್ನೆಲ್ಲ ಊರ ಹೊರಗಿನ ಬಯಲಿಗೆ ಸಾಗಿಸಿ ಎಂಬ ಮಾತು ಬಂತು. ಇಲ್ಲಿ ಮಗ್ಗ ಇರುವುದು ನಡುಮನೆಯಲ್ಲಿ. ಹೆಣ್ಣುಮಕ್ಕಳು ಒಲೆಯ ಮೇಲೆ ಅನ್ನಕ್ಕಿಟ್ಟು ನೇಯುತ್ತಾರೆ, ಕೂಸನ್ನು ತೊಟ್ಟಿಲಿಗೆ ಹಾಕಿ ನೇಯುತ್ತಾರೆ. ಮಗ್ಗ ಊರಾಚೆ ಹೋದರೆ ಅವರ ದುಡಿಮೆಯೇ ಹೋದಂತೆ. ಕಡೆಗೆ ಹಿರಿಯರು, ಶಾಲೆಯವರು, ಪುರಸಭೆಯವರು ಕೂತು ಒಂದು ಗೆರೆ ಹಾಕಿದರು. ಶಾಲೆಯ ಹಿಂಗೋಡೆಯ ಹತ್ತಿರ ಮೀಟರು ಹಿಡಿಯುವುದು. ಮೂವತ್ತೆರಡೂ ಮಗ್ಗ ನಡೆಯುತ್ತಿರಬೇಕು, ಮುಳ್ಳು ಎಪ್ಪತ್ತು ಡೆಸಿಬಲ್ ದಾಟಬಾರದು. ದಾಟದಿದ್ದರೆ ಓಣಿ ಉಳಿಯಿತು, ದಾಟಿದರೆ ಗಂಟುಮೂಟೆ. ಆ ದಿನ ಇವತ್ತೇ.

ಈ ಓಣಿಯ ಮಗ್ಗಗಳಿಗೆ ವೈದ್ಯೆ ಎಂದರೆ ಕೃಷ್ಣವ್ವ. ಪಾವರ್‌ಲೂಮಿನ ಲೋಕದಲ್ಲಿ ಮಗ್ಗ ರಿಪೇರಿ ಮಾಡುವವರನ್ನು ಜಾಬರ್ ಎನ್ನುತ್ತಾರೆ. ಜಾಬರ್ ಎಂದರೆ ಗಂಡಸು ಎಂದೇ ಎಲ್ಲರ ಲೆಕ್ಕ. ಕೃಷ್ಣವ್ವನ ಗಂಡ ದುಂಡಪ್ಪನೂ ಜಾಬರನೇ. 1991ರಲ್ಲಿ ಒಂದು ಮಧ್ಯಾಹ್ನ ಮಗ್ಗದಿಂದ ಲಾಳಿ ಹಾರಿ ಅವರ ಬಲಗಣ್ಣಿಗೆ ಬಡಿಯಿತು. ಆ ಕಣ್ಣು ಹೋಯಿತು, ಎಡಗಣ್ಣಿಗೂ ಸಣ್ಣ ನಟ್ಟು ಕಾಣುವುದು ಕಷ್ಟವಾಯಿತು. ಮುರಗೋಡದಿಂದ ಮದುವೆಯಾಗಿ ಬಂದಿದ್ದ ಕೃಷ್ಣವ್ವನಿಗೆ ಆಗ ನೇಯಲು ಬರುತ್ತಿತ್ತೇ ಹೊರತು ಪಾನಾ ಹಿಡಿದು ಗೊತ್ತಿರಲಿಲ್ಲ.

“ಇವರು ಬಾಜೂಕ ಕುಂತ ಹೇಳಾವ್ರು, ನಾ ಬಿಚ್ಚಾಕಿ. ಹೊಳ್ಳಿ ಕೂಡಸೂಮುಂದ ಒಂದೆರಡ ನಟ್ಟ ಉಳೀತಿದ್ದೂ! ‘ಇವು ಹೆಚ್ಚಿನವು ಇದ್ದಾವು’ ಅಂತ ಉಡ್ಯಾಗ ಹಾಕ್ಕೊಂತಿದ್ದೆ” ಎಂದು ನಗುತ್ತಾರೆ. ದುಂಡಪ್ಪ ಬಿಡುವುದಿಲ್ಲ. “ಆವತ್ತಿನ ನಟ್ಟ ಇನ್ನೂ ಒಂದ ಡಬ್ಬಿ ತುಂಬ ಅದಾವ್ರಿ” ಎನ್ನುತ್ತಾರೆ. ಆರಂಭದ ದಿನಗಳಲ್ಲಿ ಕೆಲವರು ಹೆಂಗಸಿನ ಕೈಗೆ ಮಗ್ಗ ಕೊಡಲು ಹಿಂದೇಟು ಹಾಕಿದರು. ಕೆಟ್ಟ ಮಗ್ಗ ಮೂರು ದಿನ ನಿಂತ ಮೇಲೆ ತಾವೇ ಬಂದು ಕರೆದೊಯ್ದರು. ಈಗ ಕೃಷ್ಣವ್ವನಿಗೆ ನಲವತ್ತೆಂಟು. ದಿನಕ್ಕೆ ಏಳೆಂಟು ಮಗ್ಗ ನೋಡುತ್ತಾರೆ. ಎಡಗಿವಿ ಹೆಚ್ಚುಕಡಿಮೆ ಕೆಲಸ ಬಿಟ್ಟಿದೆ, ಬಲಗಿವಿಯೂ ಮಂದವಾಗಿದೆ. ಇಲ್ಲಿನ ನಡುವಯಸ್ಸಿನವರಲ್ಲಿ ಅರ್ಧ ಜನರ ಪಾಡು ಇದೇ.

ಸದ್ದಿನ ನಡುವೆ ಬದುಕುವ ಓಣಿಗೆ ತನ್ನದೇ ರೀತಿ ನೀತಿಗಳಿವೆ. ಮಾತಿಗಿಂತ ಕೈಸನ್ನೆ ಹೆಚ್ಚು. ಹೆಬ್ಬೆರಳು ಬಾಯಿಗೆ ಹೋದರೆ ಚಹಾ, ಎರಡು ಬೆರಳು ಗಾಳಿಯಲ್ಲಿ ಕತ್ತರಿಸಿದರೆ ನೂಲು ಹರಿದಿದೆ ಎಂದರ್ಥ. ನನಗೆ ಬಹಳ ಹಿಡಿಸಿದ್ದು ರಾಯವ್ವನ ಕೆಂಪು ಬಟ್ಟೆ. ಬೆನ್ನಿಗೇ ಶಾಲೆ ಇದ್ದರೂ ಅದರ ಗಂಟೆ ಈ ಓಣಿಗೆ ಯಾವತ್ತೂ ಕೇಳಿಸಿದ್ದಿಲ್ಲ. ಅದಕ್ಕೇ ಅರವತ್ತು ದಾಟಿದ ರಾಯವ್ವ ದಿನಾಲು ಮಾಳಿಗೆ ಏರಿ ನಿಲ್ಲುತ್ತಾರೆ. ಶಾಲೆಯ ಜವಾನ ಗಂಟೆ ಹೊಡೆಯಲು ಕೈ ಎತ್ತಿದ್ದು ಕಂಡ ಕೂಡಲೇ ಒಂದು ಕೆಂಪು ಬಟ್ಟೆ ಬೀಸುತ್ತಾರೆ. ಬಟ್ಟೆ ಕಂಡ ಹುಡುಗಿಯರು ಪಾಟೀಚೀಲ ಹೆಗಲಿಗೇರಿಸಿ ಓಡುತ್ತಾರೆ. ಹೀಗೆ ಓಡಿದವರಲ್ಲಿ ಇಬ್ಬರು ಈಗ ತಾಯಂದಿರಾಗಿ ತಮ್ಮ ಮಕ್ಕಳನ್ನು ಅದೇ ಬಟ್ಟೆ ನೋಡಿ ಓಡಿಸುತ್ತಿದ್ದಾರೆ.

ಇಂಥ ಓಣಿಗೆ ಸದ್ದು ಇಳಿಸಿ ಎಂದರೆ ಏನು ಮಾಡಬೇಕು? ಮೂವತ್ತೆರಡೂ ನಡೆಯಬೇಕೆಂಬ ಕರಾರು ಆಗ ಇನ್ನೂ ಆಗಿರಲಿಲ್ಲ. ಮೊದಲು ಉಪಾಯ ಹೇಳಿದವರು ಕೃಷ್ಣವ್ವನೇ, ಮೊದಲು ಮುಗ್ಗರಿಸಿದವರೂ ಅವರೇ. “ಅರ್ಧಾ ಮಗ್ಗ ಇವತ್ತ, ಅರ್ಧಾ ಮಗ್ಗ ನಾಳಿ. ಅರ್ಧಾ ಮಗ್ಗ ನಿಂತ್ರ ಅರ್ಧಾ ಸಪ್ಪಳ. ನನ್ನ ಮಾತ ನಂಬ್ರಿ” ಎಂದು ಓಣಿಯ ಮುಂದೆ ಎದೆ ತಟ್ಟಿ ಹೇಳಿದರು. ಓಣಿ ನಂಬಿತು. ಸರದಿ ಹಚ್ಚಿ ಹದಿನಾರು ಮಗ್ಗ ನಿಲ್ಲಿಸಿ ಹದಿನಾರು ಓಡಿಸಿದರು. ಹದಿನೈದು ದಿನದ ಮೇಲೆ ಮೀಟರು ಬಂತು. ಮೊದಲು ಎಪ್ಪತ್ತೆಂಟು ಇದ್ದದ್ದು ಮೂವತ್ತೊಂಬತ್ತು ಆಗಿರುತ್ತದೆ ಎಂದು ಎಲ್ಲರೂ ಕಾದು ನಿಂತಿದ್ದರು. ಮುಳ್ಳು ಎಪ್ಪತ್ತೈದರ ಮೇಲೆ ಹೋಗಿ ಕೂತಿತು.

“ಮೂರು! ಬರೇ ಮೂರು! ನಮ್ಮ ಅರ್ಧಾ ಕೂಳು ಹೋತು, ಸಪ್ಪಳಾ ಮಾತ್ರ ಗೂಟಾ ಹೊಡಕೊಂಡ ಕುಂತೈತಿ” ಎಂದು ನಾಲ್ಕು ಮನೆಯಾಚೆಯ ನೇಕಾರ ಸುಭಾಸ ಕೂಗಾಡಿದ. ಮೀಟರು ಕೆಟ್ಟಿದೆ ಎಂದರು ಕೆಲವರು. ಶಾಲೆಯವರು ಮಸಲತ್ತು ಮಾಡಿದ್ದಾರೆ ಎಂದರು ಇನ್ನು ಕೆಲವರು. ಕೃಷ್ಣವ್ವನಿಗೆ ಓಣಿಯಲ್ಲಿ ತಲೆ ಎತ್ತಿ ನಡೆಯುವುದೇ ಕಷ್ಟವಾಯಿತು.

ಮೀಟರು ತಂದವರು ಇಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಭರತ ಕುಲಕರ್ಣಿ. ಗೆಳೆಯರ ಕೈಕಾಲು ಹಿಡಿದು ಅದನ್ನು ಎರವಲು ತಂದಿದ್ದರು. ಕೃಷ್ಣವ್ವ ಎರಡು ದಿನ ಮನೆಯಲ್ಲೇ ಕೂತು ಮೂರನೆಯ ದಿನ ಅವರ ಮನೆಗೆ ಹೋದರು. ಭರತ ಸರ್ ಆ ಮಾತುಕತೆಯನ್ನು ಇವತ್ತಿಗೂ ಕಣ್ಣರಳಿಸಿಕೊಂಡು ಹೇಳುತ್ತಾರೆ. “ಅಕ್ಕಾರ, ಸಪ್ಪಳಾ ಜ್ವಾಳದ ಚೀಲ ಕೂಡಿಸಿದಂಗ ಕೂಡೂದಿಲ್ಲರೀ ಅಂದೆ. ಕತ್ತಲಿ ಖೋಲಿಯೊಳಗ ಒಂದು ಕಂದೀಲ ಇಟ್ರ ಎಷ್ಟ ಬೆಳಕ ಅನಸ್ತದ! ಬಾಜೂಕ ಇನ್ನೊಂದ ಇಡ್ರಿ. ಎಣ್ಣಿ ಎರಡ ಪಟ್ಟ ಸುಡತದ, ಕಣ್ಣಿಗೆ ಎರಡ ಪಟ್ಟ ಅನಸೂದಿಲ್ಲ. ಮೀಟರಿನ ಲೆಕ್ಕಾನೂ ಹಂಗ ಅದ. ಸಪ್ಪಳದ ಜೋರು ಎರಡ ಪಟ್ಟಾದ್ರ ಮೀಟರಿನಾಗ ಮೂರಷ್ಟ ಏರತದ. ಹತ್ತ ಪಟ್ಟಾದ್ರ ಹತ್ತ ಏರತದ.”

ಹೇಳಿದ್ದನ್ನು ತೋರಿಸಲು ಇಬ್ಬರೂ ಕೃಷ್ಣವ್ವನ ಮನೆಗೆ ಬಂದರು. ಅಲ್ಲಿ ಒಂದೇ ಬಗೆಯ ನಾಲ್ಕು ಮಗ್ಗಗಳಿವೆ. ಒಂದನ್ನು ಚಾಲು ಮಾಡಿದರು, ಮೀಟರಿನಲ್ಲಿ ಎಂಬತ್ತೈದು. ಎರಡನೆಯದನ್ನೂ ಚಾಲು ಮಾಡಿದರು, ಎಂಬತ್ತೆಂಟು. ಮೂರನೆಯದಕ್ಕೆ ತೊಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ನಾಲ್ಕೂ ಆಡಿದಾಗ ತೊಂಬತ್ತೊಂದು. ಕೃಷ್ಣವ್ವ ಗಲ್ಲಕ್ಕೆ ಕೈ ಇಟ್ಟರು. “ಇದೇನ್ರಿ ಸರ, ಹಿರೇ ಸೊಸಿ ಬಂದ್ರ ಎಂಬತ್ತೈದ, ಕಡೀ ಸೊಸಿ ಬಂದ್ರ ಒಂದ ಚಿಲ್ಲರಿ! ಕಡೀಕಿ ಎಷ್ಟ ಒದರಿದ್ರೂ ಲೆಕ್ಕಕ್ಕ ಇಲ್ಲಾತು?” ಎಂದರು. ನಕ್ಕು ಮುಗಿಯುವಷ್ಟರಲ್ಲಿ ಅವರ ಮುಖ ಬದಲಾಯಿತು. “ಹಂಗಾದ್ರ ಒಂದ ಮಗ್ಗಾನ ತೊಂಬತ್ತೈದ ಇದ್ರ?”

“ಹತ್ತು ಮಗ್ಗಕ್ಕ ಸಮ ಅದರಿ.”

“ಅದನ್ನ ಮದಲ ಹೇಳಬಾರದೇನ್ರಿ! ನಡೀರಿ, ಮನಿ ಮನಿ ಅಳ್ಯೂಣು!” ಎಂದು ಅವರು ಆಗಲೇ ಹೊಸ್ತಿಲು ದಾಟಿದ್ದರು. ಸಡಿಲಾದ ಮಗ್ಗ ಬಿಗಿಯಾದ ಮಗ್ಗಕ್ಕಿಂತ ಹೆಚ್ಚು ಬಡಿದುಕೊಳ್ಳುತ್ತದೆ ಎಂಬುದು ಅವರ ಅಂಗೈಗೆ ಗೊತ್ತಿತ್ತು. ಅದು ಹತ್ತು ಮಗ್ಗದಷ್ಟು ಬಡಿದುಕೊಳ್ಳಬಹುದು ಎಂಬುದು ಈಗ ಮೀಟರಿನಿಂದ ಗೊತ್ತಾಯಿತು. ಎರಡೂ ಕೂಡಿದ ಆ ಗಳಿಗೆಯ ಬಗ್ಗೆ ಹೇಳುವಾಗ ಭರತ ಸರ್ ಕುರ್ಚಿಯಿಂದ ಎದ್ದೇ ನಿಲ್ಲುತ್ತಾರೆ.

ಒಂದು ಮಗ್ಗ ಮಾತ್ರ ಓಡಿಸಿ, ಉಳಿದವನ್ನೆಲ್ಲ ನಿಲ್ಲಿಸಿ ಅಳೆಯಬೇಕು. ಬಹುತೇಕ ಮನೆಗಳಲ್ಲಿ ಎಂಬತ್ತೈದರ ಆಸುಪಾಸು. ರಾಯವ್ವನ ಮಗ್ಗಕ್ಕೆ ತೊಂಬತ್ತೈದು ಬಂತು. ಇಲ್ಲೊಂದು ತಮಾಷೆ ನಡೆಯಿತು, ಇದು ಈ ಓಣಿಯವರಿಂದ ಮಾತ್ರ ಸಾಧ್ಯ. ಮೀಟರನ್ನು ಕಾಲೇಜಿನ ಮಾಸ್ತರು ಹಿಡಿದಿದ್ದಾರೆ, ಬಂದದ್ದು ತೊಂಬತ್ತೈದು. ಅಂದಮೇಲೆ ಇದು ಮಾರ್ಕ್ಸೇ ಇರಬೇಕು ಎಂದುಕೊಂಡ ರಾಯವ್ವ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟರು! “ನಿಮ್ಮದು ಎಂಬತ್ನಾಕ? ಇರ್ಲಿ ಬಿಡ್ರಿ, ಮುಂದಿನ ಸಲಾ ಬರತೈತಿ” ಎಂದು ನೆರೆಯವರನ್ನು ಸಮಾಧಾನಪಡಿಸುತ್ತ ತಿರುಗಿದರು. ಸುಭಾಸನಿಗೆ ತಡೆಯಲಾಗಲಿಲ್ಲ. ತನ್ನ ಎಂಬತ್ತೈದರ ಮಗ್ಗದ ಎರಡು ನಟ್ಟು ಗುಟ್ಟಾಗಿ ಸಡಿಲಿಸಿ ಮರುದಿನ ಮತ್ತೆ ಅಳೆಸಿದ. ತೊಂಬತ್ನಾಲ್ಕು ಬಂತೆಂದು ಮೀಸೆ ತಿರುವಿದ. ಭರತ ಸರ್ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತರು.

ಓಣಿಯವರಿಗೆ ಬಾಯಿಮಾತಿನಲ್ಲಿ ತಿಳಿಸುವುದು ಆಗದ ಕೆಲಸ ಎಂದು ಕೃಷ್ಣವ್ವನಿಗೆ ಗೊತ್ತು. ಸುಭಾಸನ ನಟ್ಟುಗಳನ್ನು ಬಿಗಿದು ಬಂದು, ಒಂದು ಬುಟ್ಟಿ ಕಂಡಿಕೆ ತಂದು ಓಣಿಯ ನಡುವೆ ಸುರುವಿದರು. ಎಲ್ಲರೂ ಸುತ್ತ ನಿಂತರು. ಎಂಬತ್ತೈದು ಬಂದ ಮಗ್ಗಕ್ಕೆ ಒಂದೊಂದು ಕಂಡಿಕೆ ಇಡುತ್ತ ಹೋದರು, ಇಪ್ಪತ್ನಾಲ್ಕಾಯಿತು. ತೊಂಬತ್ತೈದು ಬಂದ ಮಗ್ಗಗಳು ಎಂಟು. ಅವಕ್ಕೆ ಒಂದೊಂದಕ್ಕೂ ಹತ್ತು ಹತ್ತು ಕಂಡಿಕೆ ಇಟ್ಟರು. ಆ ಕಡೆ ಸಣ್ಣ ಗುಡ್ಡೆ, ಈ ಕಡೆ ಎಂಬತ್ತು ಕಂಡಿಕೆಯ ದೊಡ್ಡ ರಾಶಿ. “ನೋಡ್ರಿ, ನಮ್ಮ ಓಣ್ಯಾಗ ಮಗ್ಗ ಮೂವತ್ತೆರಡ, ಸಪ್ಪಳಾ ನೂರಾ ನಾಕ ಮಗ್ಗದ್ದು! ಈ ಎಂಟನ್ನ ಸರಿ ಮಾಡಿದ್ರ ಯಾರದೂ ಒಂದ ಮಗ್ಗಾನೂ ನಿಲ್ಲಸೂದ ಬ್ಯಾಡ” ಎಂದರು.

ರಾಯವ್ವ ತಮ್ಮ ಹೆಸರಿನ ಹತ್ತು ಕಂಡಿಕೆಗಳನ್ನು ನೋಡುತ್ತ ನಿಂತರು. ಆ ಮಗ್ಗ ತೀರಿಹೋದ ಗಂಡ ಹಾಕಿಸಿದ್ದು, ಅದಕ್ಕೆ ಬೇರೆ ಕೈ ತಾಗುವುದು ಅವರಿಗೆ ಸೇರುತ್ತಿರಲಿಲ್ಲ. ಕೃಷ್ಣವ್ವ ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದರು. “ರಾಯವ್ವಾ, ನಿನ್ನ ಮಗ್ಗ ಹತ್ತ ಮಗ್ಗದಷ್ಟ ಒದರತೈತಿ, ನೇಯೂದ ಒಂದ ಸೀರಿ. ಅದಕೂ ದಣುವಾಗಿರತೈತಿ ಯವ್ವಾ, ಒಮ್ಮಿ ನೋಡತೇನಿ ಬಿಡು.” ರಾಯವ್ವ ಆ ಹತ್ತು ಕಂಡಿಕೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದರು. ಆಮೇಲೆ “ಹಂಚಿದ ಸಕ್ಕರಿ ಹೊಳ್ಳಿ ಕೇಳಾಕ ಬರಂಗಿಲ್ಲ, ಅಲಾ?” ಎಂದರು. ಇಡೀ ಓಣಿ ನಕ್ಕಿತು.

ಅಲ್ಲಿಂದ ಕೆಲಸವೋ ಕೆಲಸ. ಸವೆದ ತುಂಡುಗಳನ್ನು ಕಿತ್ತು ಹೊಸದು ಕೂಡಿಸಿದರು. ಲಾಳಿ ಬಂದು ಬಡಿಯುವ ಕಡೆಗೆ ಚರ್ಮದ ಪಟ್ಟಿ ಸುತ್ತಿದರು. ಸವದತ್ತಿಯ ಟೈರ್ ಅಂಗಡಿಯಿಂದ ಹಳೆಯ ಟೈರು ತಂದು, ಕತ್ತರಿಸಿ, ಮಗ್ಗದ ಕಾಲಡಿಗೆ ಕೊಟ್ಟರು. ಗೋಡೆಯ ಹತ್ತಿರದ ಸದ್ದು ಎಪ್ಪತ್ಮೂರಕ್ಕೆ ಇಳಿಯಿತು. ಆಮೇಲೆ ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಯಿಂದ ಮಾರಾಟಕ್ಕೆ ಬಾರದ ಕಸರು ಹತ್ತಿ ತರಿಸಿದರು. ಅದನ್ನು ಹಲಗೆಗಳ ನಡುವೆ ತುಂಬಿ ಶಾಲೆಯ ಕಡೆಯ ಕಿಟಕಿಗಳಿಗೆ ಹೊಂದಿಸಿದರು. ಗಾಳಿಗೆಂದು ಓಣಿಯ ಕಡೆ ಹೊಸ ಕಿಟಕಿ ಒಡೆದರು. ಕೊನೆಯ ಹಲಗೆ ಕೂತದ್ದು ನಿನ್ನೆ ಸಂಜೆ. ಹಾಗಾಗಿ ಒಟ್ಟು ಎಷ್ಟಕ್ಕೆ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

ಹತ್ತು ಗಂಟೆ. ಶಾಲೆ ಹತ್ತೂವರೆಗೆ. ಹುಡುಗಿಯರು ಬರುವ ಮುಂಚೆಯೇ ಅಳೆಯಬೇಕೆಂದು ಹೆಡ್‌ಮಿಸ್ ಯಮುನಾಬಾಯಿಯವರೇ ಹೇಳಿದ್ದಾರೆ. “ನಮ್ಮ ಹುಡುಗ್ಯಾರ ಗದ್ದಲಾ ಕೂಡಿತಂದ್ರ ಪಾಪ, ಮಗ್ಗದವರ ಮ್ಯಾಲೆ ಬರ್ತದ” ಎಂದು ನಗುತ್ತಾರೆ. ಪುರಸಭೆಯ ಸಾಹೇಬರು ಗೋಡೆಯ ಬಳಿ ಕೈಕಟ್ಟಿ ನಿಂತಿದ್ದಾರೆ. ಭರತ ಸರ್ ಮೀಟರು ಹಿಡಿದಿದ್ದಾರೆ. ಮೂವತ್ತೆರಡೂ ಮಗ್ಗ ಆಡುತ್ತಿವೆ. ಗೋಡೆಯ ಮೇಲೆ, ಮಾಳಿಗೆಯ ಮೇಲೆ, ಬೇವಿನ ಮರದ ಮೇಲೆ ಜನ.

“ಎಪ್ಪತ್ತು... ಎಪ್ಪತ್ತೂ ಅರ್ಧಾ ದಾಟ್ಯದ” ಎನ್ನುತ್ತಾರೆ ಭರತ ಸರ್. ಅವರ ದನಿ ಒಡೆಯುತ್ತದೆ. ಎಪ್ಪತ್ತಕ್ಕೆ ಅರ್ಧ ಹೆಚ್ಚು!

ಓಣಿಯ ಮೂಲೆಯ ಹಿಟ್ಟಿನ ಗಿರಣಿ ನಿಲ್ಲಿಸಿ ಎಂದು ಯಾರೋ ಕೂಗುತ್ತಾರೆ. ಓಡಿಹೋಗಿ ನಿಲ್ಲಿಸುತ್ತಾರೆ. ಮುಳ್ಳು ಅಲ್ಲಾಡುವುದಿಲ್ಲ. ಗಿರಣಿ ಇಲ್ಲಿ ಕಡೆಯ ಸೊಸೆ, ಅವಳ ಸದ್ದು ಲೆಕ್ಕಕ್ಕಿಲ್ಲ. ಸುಭಾಸ ಬಂದು ಕೃಷ್ಣವ್ವನ ಕಿವಿಗೆ ಬಾಯಿ ಹಚ್ಚುತ್ತಾನೆ. “ಯಾಡ್ ನಿಮಿಷ ನಮ್ಮ ಎಲ್ಲಾ ಮಗ್ಗ ನಿಲ್ಲಸ್ತೇನಿ ಅಕ್ಕಾ. ಯಾರಿಗಿ ಗೊತ್ತಾಗತೈತಿ?” ಕೃಷ್ಣವ್ವ ಅವನನ್ನು ದೂಡಿಯೇ ಬಿಡುತ್ತಾರೆ. “ಮೂವತ್ತೆರಡೂ ನಡೀಬೇಕಂತ ಮಾತ ಕೊಟ್ಟೇವಿ. ಎಲ್ಲೋ ಒಂದ ಮಗ್ಗ ಹತ್ತ ಆಗಿ ಕುಂತೈತಿ, ಹುಡಕತೇನಿ ತಡಿ” ಎಂದು ಓಣಿಗೆ ಓಡುತ್ತಾರೆ.

ನಾನೂ ಓಡುತ್ತೇನೆ. ಅವರು ಕಿವಿಯನ್ನು ನಂಬುವುದಿಲ್ಲ. ಬಾಗಿಲ ಚೌಕಟ್ಟಿಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ ಮುಂದಿನ ಮನೆಗೆ ಹೋಗುತ್ತಾರೆ. ರಾಯವ್ವನ ಮನೆ ಸರಿಯಿದೆ. ಸುಭಾಸನ ಮನೆಯೂ ಸರಿಯಿದೆ. ಒಂದೊಂದೇ ಬಾಗಿಲು ದಾಟುತ್ತ ಓಣಿಯ ಕೊನೆಗೆ ಬರುತ್ತಾರೆ. ಅಲ್ಲಿ ಉಳಿದಿರುವುದು ಒಂದೇ ಮನೆ, ಅವರದು. ಚೌಕಟ್ಟಿಗೆ ಕೈ ಇಟ್ಟವರೇ ಕಣ್ಣು ತೆರೆಯುತ್ತಾರೆ.

ದುಂಡಪ್ಪ ಒಳಗೆ ನಾಲ್ಕನೆಯ ಮಗ್ಗದ ಮುಂದೆ ನಿಂತು ಅದನ್ನೇ ತೋರಿಸುತ್ತಿದ್ದಾರೆ. ಲಾಳಿ ಹೊಡೆಯುವ ಕೋಲಿನ ಬುಡದ ನಟ್ಟು ಸಡಿಲಾಗಿ ಕೋಲು ಬಡಿದುಕೊಳ್ಳುತ್ತಿದೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಇರಬೇಕು. “ಮುಂಜಾನೀನ ಅಂದ್ನಲ್ಲ!” ಎಂದು ದುಂಡಪ್ಪ ಕೈಸನ್ನೆ ಮಾಡುತ್ತಾರೆ. ಕೃಷ್ಣವ್ವ ನಾಲಿಗೆ ಕಚ್ಚಿಕೊಂಡು ಮಗ್ಗ ನಿಲ್ಲಿಸಿ, ಪಾನಾ ಎಳೆದು, ಬಗ್ಗಿ ಬಿಗಿಯುತ್ತಾರೆ. ನಟ್ಟಿನ ಹಲ್ಲು ಸವೆದು ಅದು ಜಾರುತ್ತದೆ, ಇನ್ನೊಂದು ಬೇಕು. ಪೇಟೆಗೆ ಹೋಗಲು ಹೊತ್ತಿಲ್ಲ. ಆಗ ದುಂಡಪ್ಪ ಗೋಡೆಯ ಮಾಡದಿಂದ ಒಂದು ತುಕ್ಕು ಹಿಡಿದ ಡಬ್ಬಿ ಇಳಿಸುತ್ತಾರೆ. ಹದಿಮೂರು ವರ್ಷದ ಹಿಂದೆ ಕೃಷ್ಣವ್ವ ಹೆಚ್ಚಿನವು ಎಂದು ಉಡಿಗೆ ಹಾಕಿಕೊಂಡ ನಟ್ಟುಗಳು! ದುಂಡಪ್ಪ ಬೆರಳಿನಲ್ಲೇ ತಡವಿ ಅಳತೆಯದ್ದೊಂದನ್ನು ಆರಿಸಿ ಕೊಡುತ್ತಾರೆ. ಅದು ಕೂರುತ್ತದೆ. ಮಗ್ಗ ಮತ್ತೆ ಆಡುತ್ತದೆ. ಕೃಷ್ಣವ್ವ ಚೌಕಟ್ಟಿಗೆ ಅಂಗೈ ಇಟ್ಟು ಗಂಡನ ಮುಖ ನೋಡುತ್ತಾರೆ.

ನಾವು ಗೋಡೆಯ ಬಳಿಗೆ ತಿರುಗಿ ಬರುವಷ್ಟರಲ್ಲಿ ಕೂಗು ಎದ್ದಿದೆ. ಭರತ ಸರ್ ಮೀಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. “ಅರವತ್ತೊಂಬತ್ತೂ ಅರ್ಧ! ಎಪ್ಪತ್ತರ ಒಳಗ ಅದ! ಮೂವತ್ತೆರಡೂ ನಡದಾವು, ಎಪ್ಪತ್ತರ ಒಳಗ ಅದ!” ಪುರಸಭೆಯ ಸಾಹೇಬರು ತಾವೇ ಬಗ್ಗಿ ಮುಳ್ಳು ನೋಡಿ ತಲೆಯಾಡಿಸುತ್ತಾರೆ. ಯಮುನಾಬಾಯಿಯವರು ಕೃಷ್ಣವ್ವನ ಎಣ್ಣೆ ಮೆತ್ತಿದ ಕೈಯನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಅಷ್ಟರಲ್ಲಿ ಬೇವಿನ ಮರ ಹತ್ತಿದ್ದ ಸುಭಾಸ ಮೇಲಿಂದ ಹಾರುತ್ತಾನೆ.

ಇಂಥ ಲೇಖನದ ಕೊನೆಗೆ ಒಂದು ಆಸೆ ಕೇಳುವುದು ರೂಢಿ. ಕೇಳಿದೆ. “ಆಸೇನ್ರಿ? ಬೈಲಹೊಂಗಲದಾಗ, ಕಿತ್ತೂರ ಕಡೆ ಮಗ್ಗದವರಿಗಿ ಸಪ್ಪಳಾ ಹಿಂಗ ಇಳಸಬಹುದು ಅಂತ ಯಾರರೆ ಹೇಳಿದ್ರ ಸಾಕ. ಕರದ್ರ ಪಾನಾ ತಗೊಂಡ ನಾನಾ ಹೊಂಡತೇನಿ” ಎಂದರು. ಇನ್ನೇನೋ ಹೇಳಲು ಬಾಯಿ ತೆರೆದವರು ಓಣಿಯ ಕಡೆ ನೋಡುತ್ತ ಹಾಗೇ ನಿಂತರು.

ಹತ್ತೂವರೆಯಾಗಿತ್ತು. ಮಾಳಿಗೆಯ ಮೇಲೆ ರಾಯವ್ವ ಕೆಂಪು ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಅವರು ಅದನ್ನಿನ್ನೂ ಎತ್ತಿರಲಿಲ್ಲ. ಶಾಲೆಯ ಗಂಟೆ ಹೊಡೆಯಿತು. ಮಗ್ಗಗಳೆಲ್ಲ ಆಡುತ್ತಿದ್ದಂತೆಯೇ, ಒಂದೊಂದು ಮನೆಯಿಂದ ಒಬ್ಬೊಬ್ಬಳು, ಪಾಟೀಚೀಲ ಹೆಗಲಿಗೇರಿಸಿಕೊಂಡು ಹುಡುಗಿಯರು ಓಡಿ ಬಂದರು. ಯಾರೂ ಮಾಳಿಗೆಯ ಕಡೆ ನೋಡಲಿಲ್ಲ. ರಾಯವ್ವ ಬಟ್ಟೆಯನ್ನು ಕೈಯಲ್ಲಿ ಹಿಡಿದು “ಏ, ನಾ ಇನ್ನೂ ಬೀಸಿಲ್ಲ! ನಿಂದರ್ರೇ!” ಎಂದು ಮೇಲಿನಿಂದ ಬೈಯುತ್ತಿದ್ದರು.

“ಗಂಟಿ ಕೇಳಸ್ತೇನ್ರಿ ನಿಮಗ?” ಎಂದು ಕೃಷ್ಣವ್ವನ ಬಲಗಿವಿಯ ಹತ್ತಿರ ಕೂಗಿ ಕೇಳಿದೆ.

“ನನಗೆಲ್ಲಿ ಕೇಳಸ್ತೈತ್ರಿ” ಎಂದರು ಕೃಷ್ಣವ್ವ, ಕಣ್ಣು ಓಣಿಯಿಂದ ಕೀಳದೆ. “ಹುಡುಗ್ಯಾರ ಕಾಲ ನೋಡಿದ್ನಲ್ಲ.”